.32 ಪಿಸ್ತೂಲು ಕೊಳ್ಳುವುದು, ಕಾಪಾಡುವುದು, ಉತ್ತಮಪಡಿಸುವುದು: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರು, ಹಣದ ಚೀಲ ಹಿಡಿದು ತೋಟದಿಂದ ತೋಟಕ್ಕೆ ಓಡಾಡುವ ಖೇಣಿದಾರರು, ದಾವಣಗೆರೆಯ ಮಂಡಿ ವ್ಯಾಪಾರಿಗಳು ಪಿಸ್ತೂಲಿನ ವಿಚಾರ ಹೆಚ್ಚಾಗಿ ಕೇಳುತ್ತಾರೆ. ಪರವಾನಗಿ ಹೇಗೆ ಪಡೆಯುವುದು ಎಂಬಲ್ಲಿಂದ ಹಿಡಿದು, ಕೊಂಡ ಮೇಲೆ ಅದಕ್ಕೆ ಏನೇನು ಹಾಕಿಸಬಹುದು ಎಂಬವರೆಗೆ ಪ್ರಶ್ನೆಗಳಿರುತ್ತವೆ. ಉತ್ತರಗಳನ್ನು ಒಂದೆಡೆ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಡಿಮೆ ಬೆಲೆಯ ಪಿಸ್ತೂಲಿಗೆ ಖರ್ಚು ಮಾಡುವ ಹಣ ಗುಂಡು, ತರಬೇತಿ, ಒಳ್ಳೆಯ ಪೆಟ್ಟಿಗೆ ಮತ್ತು ಸ್ಪ್ರಿಂಗ್‌ಗಳಿಗೆ ಹೋಗಬೇಕು. ಹೊರಗಿನ ಅಲಂಕಾರಕ್ಕೆ ಹೋದ ಹಣ ದಂಡ.

ಸಾಮಾನ್ಯ ನಾಗರಿಕರಿಗೆ ಯಾವ ಪಿಸ್ತೂಲು ಸಿಗುತ್ತದೆ?

ನಿಷೇಧಿತವಲ್ಲದ ಬೋರ್‌ನದು (ಬೋರ್ ಎಂದರೆ ನಳಿಕೆಯ ಒಳ ಅಳತೆ) ಮಾತ್ರ. ಪ್ರಾಯೋಗಿಕವಾಗಿ ನೋಡಿದರೆ ಆತ್ಮರಕ್ಷಣೆಗೆ ಕೊಳ್ಳುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಎಂದರೆ .32 ಬೋರ್. ಸರ್ಕಾರಿ ಆಯುಧ ಕಾರ್ಖಾನೆಗಳ ‘ಅಶನಿ’ ಈ ವರ್ಗದ್ದು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನು ಮಾಡಿದ ಮೇಲೆ ಬಂದೂಕುಗಳ ವಿಭಾಗ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೂ, ಗುಂಡುಗಳ ವಿಭಾಗ ಪುಣೆಯ ಮ್ಯುನಿಷನ್ಸ್ ಇಂಡಿಯಾ ಕಂಪನಿಗೂ ಸೇರಿವೆ.

9 ಎಂಎಂ ಪಿಸ್ತೂಲು ಪೊಲೀಸರದು, ಸೇನೆಯದು. ಅದು ನಿಷೇಧಿತ ಬೋರ್. ‘ಯಾರೋ ಕಡಿಮೆಗೆ ಕೊಡುತ್ತಾರೆ’ ಎಂದು ಅಂಥದ್ದನ್ನು ಮುಟ್ಟಿದವರಿಗೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಪ್ರಕಾರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ನಾಡ ಪಿಸ್ತೂಲಿನ ಕಥೆಯೂ ಜೈಲಿನಲ್ಲೇ ಮುಗಿಯುತ್ತದೆ. ಸಂಖ್ಯೆ, ತಯಾರಕರ ಗುರುತು ಇಲ್ಲದ ಆಯುಧವನ್ನು ಯಾವ ಪರವಾನಗಿಗೂ ಸೇರಿಸಲಾಗದು.

ವಿದೇಶಿ ಪಿಸ್ತೂಲು ತರಿಸಬಹುದೇ?

ಸಾಮಾನ್ಯ ಪರವಾನಗಿದಾರರಿಗೆ ಆ ದಾರಿ 1980ರ ದಶಕದ ಮಧ್ಯಭಾಗದಲ್ಲೇ ಮುಚ್ಚಿದೆ. ಅದಕ್ಕೂ ಮೊದಲು ಬಂದಿದ್ದ ವಾಲ್ಥರ್, ಬ್ರೌನಿಂಗ್ ಪಿಸ್ತೂಲುಗಳು ಕೈಯಿಂದ ಕೈಗೆ ಹೋಗುತ್ತಾ ಬೆಲೆ ಏರಿಸಿಕೊಂಡಿವೆ. ನಲವತ್ತು ವರ್ಷ ಹಳೆಯ ಸ್ಪ್ರಿಂಗಿಗೆ ಅಷ್ಟು ಹಣ ಸುರಿಯುವುದು ಸಂಗ್ರಹದ ಹವ್ಯಾಸ ಇರುವವರಿಗೆ ಸರಿ, ರಕ್ಷಣೆಗಾಗಿ ಕೊಳ್ಳುವವರಿಗೆ ಅಲ್ಲ.

ಪರವಾನಗಿಗೆ ಎಲ್ಲಿ ಅರ್ಜಿ ಹಾಕಬೇಕು?

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾಧಿಕಾರಿಯೇ, ಅಂದರೆ ಜಿಲ್ಲಾ ದಂಡಾಧಿಕಾರಿಯೇ ಪರವಾನಗಿ ಕೊಡುವ ಅಧಿಕಾರಿ. ಹುಬ್ಬಳ್ಳಿ-ಧಾರವಾಡದಂತೆ ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಮಾತ್ರ ಆಯುಕ್ತರ ಬಳಿ ಹೋಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎ-1 ನಮೂನೆಯ ಅರ್ಜಿ, ವಯಸ್ಸು ಮತ್ತು ವಿಳಾಸದ ದಾಖಲೆ, ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ವಯಸ್ಸು 21 ತುಂಬಿರಬೇಕು. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನ. ನಿರಾಕರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 18ನೇ ಕಲಂ ಅಡಿ ಮೇಲ್ಮನವಿಗೆ ಅವಕಾಶವಿದೆ. ಪರವಾನಗಿ ಸಿಕ್ಕವರ ವಿವರ ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ ವಿಶಿಷ್ಟ ಗುರುತಿನ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದ ಹಳೆಯ ಪುಸ್ತಕ ಮನೆಯಲ್ಲಿದ್ದರೆ ಅದನ್ನು ಹಿಡಿದು ಮೊದಲು ಕಚೇರಿಗೆ ಹೋಗಿ.

ಅರ್ಜಿಯಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಪದ ಬರೆದು ಕಾಯುವವರು ಬಹಳ. ಏಕೆ ಬೇಕು ಎಂಬುದನ್ನು ದಾಖಲೆ ಸಹಿತ ಹೇಳಿ. ಒಂಟಿ ತೋಟದ ಮನೆ, ಮಂಡಿಯ ವಹಿವಾಟಿನ ಲೆಕ್ಕ, ಹಿಂದೆ ಕೊಟ್ಟ ದೂರಿನ ಪ್ರತಿ, ಇವು ಮಾತಿಗಿಂತ ಹೆಚ್ಚು ತೂಗುತ್ತವೆ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ, ನಮಗೆ ಏಕಿಲ್ಲ?

ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ಅಲ್ಲಿನ ಪಾರಂಪರಿಕ ಭೂ ಹಿಡುವಳಿ ಇರುವವರಿಗೆ ಕೇಂದ್ರ ಸರ್ಕಾರ ವಿಶೇಷವಾಗಿ ಕೊಟ್ಟದ್ದು. ನಮ್ಮ ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ.

ಕಾಡುಹಂದಿ, ಕರಡಿ ಕಾಟಕ್ಕೆ ಪಿಸ್ತೂಲು ಸಾಕಾಗುತ್ತದೆಯೇ?

ಇಲ್ಲ. .32 ಗುಂಡು ಸುಮಾರು 4.6 ಗ್ರಾಂ ತೂಕದ್ದು. ಗಾಯಗೊಂಡ ಕರಡಿ ಇನ್ನೂ ಅಪಾಯಕಾರಿ. ಬೆಳೆ ರಕ್ಷಣೆಗೆ 12 ಬೋರ್ ಕೋವಿಯ ಪರವಾನಗಿ ಬೇರೆಯೇ ಇದೆ, ಅದು ಇದ್ದರೂ ವನ್ಯಜೀವಿಯನ್ನು ಕೊಲ್ಲುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ವಿಷಯ. ಜೋಗಿಮಟ್ಟಿ ಸುತ್ತಿನ ರೈತರು ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು.

ಒಟ್ಟು ಖರ್ಚು ಎಷ್ಟಾಗುತ್ತದೆ?

ಕಾರ್ಖಾನೆಯ ಬೆಲೆ ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ವಿಚಾರಿಸಿ. ಆದರೆ ತೆರಿಗೆಯನ್ನು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್‌ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಹಳೆಯ ಬೆಲೆ ಕೇಳಿಕೊಂಡು ಹಣ ಹೊಂದಿಸಿದವರು ತಡವರಿಸುವುದು ಇಲ್ಲೇ. ಮುಂದಿನ ಎರಡು ವರ್ಷದ ಅಭ್ಯಾಸದ ಗುಂಡು, ಕಬ್ಬಿಣದ ಪೆಟ್ಟಿಗೆ, ಹೋಲ್‌ಸ್ಟರ್, ಒಂದು ಹೆಚ್ಚುವರಿ ಮ್ಯಾಗಜಿನ್ (ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಡಬ್ಬಿ), ಇವುಗಳ ಹಣವನ್ನೂ ಸೇರಿಸಿ ಲೆಕ್ಕ ಹಾಕಿ. ಅದು ಹೊಂದದಿದ್ದರೆ ಪಿಸ್ತೂಲು ಕೊಳ್ಳುವ ಕಾಲ ಇನ್ನೂ ಬಂದಿಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಪರಿಚಯದವರ ಹಳೆಯ ಪಿಸ್ತೂಲನ್ನು ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ದುಡ್ಡು ಕೊಟ್ಟು ಕೈಗೆ ತೆಗೆದುಕೊಂಡು ಬರುವ ವ್ಯವಹಾರ ಅಲ್ಲ. ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಕೊಳ್ಳುವವರ ಹೆಸರು, ವಿಳಾಸ ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ನಿಮ್ಮ ಪರವಾನಗಿಯಲ್ಲಿ ಆ ಬಗೆಯ ಆಯುಧಕ್ಕೆ ಜಾಗ ಇರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲಿನಂತೆ ಮೂರಲ್ಲ.

ನೋಡುವಾಗ ನಳಿಕೆಯ ಒಳಗೆ ಬೆಳಕು ಬಿಟ್ಟು ನೋಡಿ. ಒಳಗೆ ಉಂಗುರದಂತೆ ಉಬ್ಬಿದ ಗೆರೆ ಕಂಡರೆ ಎಂದೋ ಗುಂಡು ನಡುವೆ ಸಿಕ್ಕಿಕೊಂಡಿದ್ದಾಗ ಮತ್ತೊಂದು ಹಾರಿಸಿದ್ದಾರೆ ಎಂದರ್ಥ. ಅದನ್ನು ಬಿಟ್ಟುಬಿಡಿ. ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಮೇಲಿನ ಸಂಖ್ಯೆ, ದೇಹದ ಮೇಲಿನ ಸಂಖ್ಯೆ, ಪರವಾನಗಿಯಲ್ಲಿನ ಸಂಖ್ಯೆ ಒಂದೇ ಆಗಿರಬೇಕು. ಉಜ್ಜಿದ ಗುರುತು ಇದ್ದರೆ ಮಾತೇ ಬೇಡ.

.32 ರಿವಾಲ್ವರಿನ ಗುಂಡು ಮನೆಯಲ್ಲಿದೆ, .32 ಪಿಸ್ತೂಲಿಗೆ ಹಾಕಬಹುದೇ?

ಖಂಡಿತ ಬೇಡ. ಎರಡಕ್ಕೂ .32 ಎಂಬ ಹೆಸರು ಇದ್ದ ಮಾತ್ರಕ್ಕೆ ಅವು ಒಂದೇ ಅಲ್ಲ. ಭಾರತೀಯ .32 ರಿವಾಲ್ವರಿಗೆ ಉದ್ದನೆಯ, ಬುಡದಲ್ಲಿ ಅಗಲ ಅಂಚಿರುವ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಗುಂಡು. ಪಿಸ್ತೂಲಿಗೆ ಬೇಕಾದದ್ದು .32 ಎಸಿಪಿ. ಜಾನ್ ಬ್ರೌನಿಂಗ್ ರೂಪಿಸಿದ ಇದು 1899ರಿಂದ ಬಳಕೆಯಲ್ಲಿದೆ, 7.65 ಎಂಎಂ ಬ್ರೌನಿಂಗ್ ಎಂದೂ ಕರೆಯುತ್ತಾರೆ. ಅಂಗಡಿಯಲ್ಲಿ ‘.32 ಕೊಡಿ’ ಎಂದಷ್ಟೇ ಹೇಳದೆ ‘.32 ಪಿಸ್ತೂಲಿನದು’ ಎಂದು ಹೇಳಿ, ಡಬ್ಬಿಯ ಮೇಲಿನ ಬರಹ ಓದಿ. ಅಣ್ಣನ ಹೆಸರಿನಲ್ಲಿ ರಿವಾಲ್ವರ್, ತಮ್ಮನ ಹೆಸರಿನಲ್ಲಿ ಪಿಸ್ತೂಲು ಇರುವ ಕೂಡು ಕುಟುಂಬಗಳಲ್ಲಿ ಗುಂಡಿನ ಡಬ್ಬಿಗಳು ಬೆರೆಯದಂತೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡಿ. ಒಬ್ಬರ ಪರವಾನಗಿಯ ಗುಂಡನ್ನು ಇನ್ನೊಬ್ಬರು ಬಳಸುವುದು ಕಾನೂನಿಗೂ ವಿರುದ್ಧ.

ಪಿಸ್ತೂಲು ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಕಡಿಮೆ ಬೆಲೆಯದು ಎಂಬುದೇ ಕಾರಣವೇ?

ಬಹುತೇಕ ಸಲ ಕಾರಣ ಮ್ಯಾಗಜಿನ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅರ್ಥವಾದದ್ದು ಮುಂದಿನ ಪ್ರಶ್ನೆಗೂ ಬೇಕಾಗುತ್ತದೆ.

.32 ಎಸಿಪಿ ಗುಂಡಿನ ಬುಡದ ಅಂಚು ಮೈಗಿಂತ ತುಸು ಹೊರಗೆ ಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕುಳಿತರೆ, ಸ್ಲೈಡ್ ಮೇಲಿನದನ್ನು ಮುಂದಕ್ಕೆ ತಳ್ಳುವಾಗ ಕೆಳಗಿನದು ತಡೆಯುತ್ತದೆ, ಅಲ್ಲಿಗೆ ಪಿಸ್ತೂಲು ನಿಂತಿತು. ಒಂದೊಂದು ಗುಂಡನ್ನೂ ನೋಡಿಕೊಂಡು, ಅವಸರವಿಲ್ಲದೆ ತುಂಬುವುದೇ ಪರಿಹಾರ. ಉದ್ದ ಕಡಿಮೆ ಇರುವ ಗುಂಡುಗಳಲ್ಲಿ ಈ ತೊಂದರೆ ಹೆಚ್ಚು. ಆದ್ದರಿಂದ ಒಂದು ಬಗೆಯ ಗುಂಡು ಚೆನ್ನಾಗಿ ನಡೆದರೆ ಅದನ್ನೇ ಬಳಸಿ.

ಎರಡನೆಯದು ದೂಳು. ಜಗಳೂರು, ಚಳ್ಳಕೆರೆ ಕಡೆ ಬೇಸಿಗೆಯ ಗಾಳಿಯಲ್ಲಿ ಜೀಪಿನ ಡ್ಯಾಶ್‌ಬೋರ್ಡಿನೊಳಗೆ ವಾರಗಟ್ಟಲೆ ಬಿದ್ದ ಪಿಸ್ತೂಲಿನ ಮ್ಯಾಗಜಿನ್ ಬಿಚ್ಚಿ ನೋಡಿ, ಕೆಮ್ಮಣ್ಣು ಎಣ್ಣೆಯೊಂದಿಗೆ ಸೇರಿ ಅಂಟಾಗಿರುತ್ತದೆ. ಮ್ಯಾಗಜಿನ್‌ನ ಒಳಭಾಗಕ್ಕೆ ಎಣ್ಣೆ ಬೇಡವೇ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮ್ಯಾಗಜಿನ್‌ನ ತುಟಿಗಳು ಬಗ್ಗಿದ್ದರೆ ಇಕ್ಕಳದಲ್ಲಿ ನೇರ ಮಾಡಲು ಹೋಗದೆ ಹೊಸದು ಕೊಳ್ಳಿ.

ಮೂರನೆಯದು ಹಿಡಿತ. ಮಣಿಕಟ್ಟು ಸಡಿಲವಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕವಚ ಹೊರಬೀಳುವುದಿಲ್ಲ. ಈ ದೋಷವನ್ನು ಯಾವ ಬಿಡಿಭಾಗವೂ ಸರಿಮಾಡದು, ಅಭ್ಯಾಸ ಮಾತ್ರ ಸರಿಮಾಡುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಒದೆತ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಿಜವೇ?

ಈ ವರ್ಗದ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಕೆ ಅಲುಗುವುದಿಲ್ಲ, ಬೀಗದಂಥ ವ್ಯವಸ್ಥೆಯೂ ಇರುವುದಿಲ್ಲ. ಗುಂಡು ಹೊರಟು ಒತ್ತಡ ಇಳಿಯುವವರೆಗೆ ಹಿಂಭಾಗವನ್ನು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲ, ಇವೆರಡೇ. ಆ ಲೆಕ್ಕವನ್ನು ಕಾರ್ಖಾನೆ ಹಾಕಿದೆ. ಹೆಚ್ಚು ಗಟ್ಟಿ ಸ್ಪ್ರಿಂಗ್ ಹಾಕಿದರೆ ಸ್ಲೈಡ್ ಅರ್ಧಕ್ಕೆ ನಿಂತು ಮುಂದಿನ ಗುಂಡು ಏರುವುದಿಲ್ಲ. ದಣಿದ ಹಳೆಯ ಸ್ಪ್ರಿಂಗನ್ನೇ ಉಳಿಸಿಕೊಂಡರೆ ಸ್ಲೈಡ್ ಪ್ರತಿ ಸಲ ಹಿಂದೆ ಬಡಿದು ಲೋಹ ಬಿರುಕು ಬಿಡುತ್ತದೆ. ಆದ್ದರಿಂದ ಮಾಡಬೇಕಾದದ್ದು ಅದೇ ಮಾದರಿಯ, ಅದೇ ಬಲದ ಹೊಸ ಸ್ಪ್ರಿಂಗನ್ನು ಪರವಾನಗಿ ಇರುವ ರಿಪೇರಿಗಾರರಿಂದ ಹಾಕಿಸುವುದು. ಹಳೆಯ ಪಿಸ್ತೂಲಿಗೆ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ.

ಹಾಗಾದರೆ ಏನೇನು ಬದಲಾಯಿಸಬಹುದು?

ಹಿಡಿಯ ಪಟ್ಟಿಗಳನ್ನು ಬದಲಾಯಿಸಬಹುದು. ಬೆವರಿನ ಕೈಗೆ ಜಾರದ, ನಿಮ್ಮ ಅಂಗೈ ಅಳತೆಗೆ ಹೊಂದುವ ಪಟ್ಟಿ ನಿಜಕ್ಕೂ ಗುರಿಯನ್ನು ಸುಧಾರಿಸುತ್ತದೆ. ಮುಂದಿನ ಗುರಿಮೊನೆಗೆ ಬಿಳಿ ಬಣ್ಣದ ಚುಕ್ಕೆ ಇಟ್ಟರೆ ಸಂಜೆ ಮಬ್ಬಿನಲ್ಲಿ ಕಾಣುತ್ತದೆ, ಖರ್ಚೂ ಇಲ್ಲ. ಹೆಚ್ಚುವರಿ ಮ್ಯಾಗಜಿನ್ ಪರವಾನಗಿ ಇರುವ ಅಂಗಡಿಯಿಂದ ಬಿಲ್ ಸಹಿತ ಕೊಳ್ಳಿ. ಟ್ರಿಗರ್ ರಕ್ಷಕವನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬೇಕೇ ಬೇಕು. ಪಂಚೆಯ ಗಂಟಿನಲ್ಲಿ, ಪ್ಯಾಂಟಿನ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಲೇಸರ್, ಟಾರ್ಚ್ ಬೇಡ. ಸಣ್ಣ .32 ಪಿಸ್ತೂಲಿಗೆ ಅವು ಭಾರ.

ಏನನ್ನು ಮುಟ್ಟಲೇಬಾರದು?

ನಳಿಕೆ, ಬೋರ್, ಸಂಖ್ಯೆ, ಟ್ರಿಗರಿನ ಒಳಗಿನ ಕೊಕ್ಕೆ. ಕಾಯ್ದೆಯ ದೃಷ್ಟಿಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಸದ್ದು ಅಥವಾ ಬೆಂಕಿಯ ಹೊಳಪು ಕಡಿಮೆ ಮಾಡುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದ್ದಾರೆ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ವಿದೇಶದಿಂದ ನಳಿಕೆಯನ್ನೋ ಸೈಲೆನ್ಸರನ್ನೋ ತರಿಸಿದರೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ, ಪ್ರಕರಣ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಪರವಾನಗಿ ಇಲ್ಲದೆ ಆಯುಧ ತಯಾರಿಸುವುದು, ಮಾರುವುದು, ರಿಪೇರಿ ವ್ಯವಹಾರ ನಡೆಸುವುದು 5ನೇ ಕಲಂನ ಉಲ್ಲಂಘನೆ. ನಳಿಕೆ ಮೊಟಕು ಮಾಡುವುದು, ಆಟಿಕೆಯನ್ನು ನಿಜ ಆಯುಧ ಮಾಡುವುದು 6ನೇ ಕಲಂನದು. 2019ರ ತಿದ್ದುಪಡಿಯ ನಂತರ ಇವಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ಲೇತ್ ಯಂತ್ರ ಇರುವ ಜಾಣ ಕೆಲಸಗಾರರು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಪರಿಚಯದ ಸಲುಗೆಯಿಂದ ಅವರ ಕೈಗೆ ಪಿಸ್ತೂಲು ಕೊಟ್ಟು ಅವರನ್ನೂ ಜೈಲಿನ ದಾರಿಗೆ ನೂಕಬೇಡಿ.

ಟ್ರಿಗರ್ ಹಗುರ ಮಾಡಿಸುವ ಆಸೆಯೂ ಹಲವರಿಗಿದೆ. ಒಳಗಿನ ಕೊಕ್ಕೆಯನ್ನು ಅರದಲ್ಲಿ ಉಜ್ಜಿದ ಪಿಸ್ತೂಲು ನೆಲಕ್ಕೆ ಬಿದ್ದರೂ ಹಾರಬಹುದು, ಸ್ಲೈಡ್ ಮುಚ್ಚಿದಾಗಲೂ ಹಾರಬಹುದು. ಭಾರದ ಟ್ರಿಗರಿಗೆ ಬೆರಳನ್ನು ಒಗ್ಗಿಸಿಕೊಳ್ಳುವುದೇ ಸರಿ.

ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿಯಾಯಿತಲ್ಲವೇ?

ಆಗಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮ್ಯಾಗಜಿನ್ ಹೊರಗೆ ಬಂದರೂ ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಉಳಿದಿರಬಹುದು. ಎಷ್ಟೋ ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದೆಯೂ ಹಾರುತ್ತವೆ. ಕ್ರಮ ಹೀಗೆ: ಮೂತಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿಯಿರಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಮೊದಲು ಮ್ಯಾಗಜಿನ್ ತೆಗೆಯಿರಿ, ನಂತರ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಒಳಗಿನ ಗುಂಡನ್ನು ಹೊರಹಾಕಿ, ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಕ್ರಮ ಹಿಂದುಮುಂದಾಗಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ ಹೊಸ ಗುಂಡೊಂದು ಒಳಗೆ ಕೂತಿರುತ್ತದೆ. ಬೇರೆಯವರು ‘ಖಾಲಿ ಇದೆ’ ಎಂದು ಕೈಗೆ ಕೊಟ್ಟರೂ ನೀವೇ ಮತ್ತೆ ನೋಡಿ. ಹಿರಿಯರ ಎದುರು ಹೀಗೆ ಪರೀಕ್ಷಿಸುವುದು ಅಗೌರವ ಎಂದು ಸಂಕೋಚಪಡಬೇಕಾಗಿಲ್ಲ.

ಟ್ರಿಗರ್ ಒತ್ತಿದಾಗ ಸದ್ದು ತೀರಾ ಸಣ್ಣಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಉಳಿದಿರಬಹುದು, ಮುಂದಿನದನ್ನು ಹಾರಿಸಿದರೆ ನಳಿಕೆ ಸಿಡಿಯುತ್ತದೆ. ಸದ್ದೇ ಬಾರದಿದ್ದರೆ ಮೂತಿಯನ್ನು ಅದೇ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಗುಂಡು ತೆಗೆಯಿರಿ.

ಎಲ್ಲಿ ಅಭ್ಯಾಸ ಮಾಡುವುದು? ತೋಟದಲ್ಲಿ ಮಾಡಬಹುದೇ?

ತೋಟದಲ್ಲಿ ಬೇಡ. ಅಡಿಕೆ ಮರಗಳ ಸಾಲಿನ ಆಚೆ ಯಾರು ನೀರು ಕಟ್ಟುತ್ತಿದ್ದಾರೆ ಎಂಬುದು ನಿಮಗೆ ಕಾಣುವುದಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸಿ ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಎಸ್‌ಪಿ ಕಚೇರಿಯಲ್ಲಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ. ಗುರಿ ಹಿಡಿಯುವ ಕೌಶಲವನ್ನು ಕಡಿಮೆ ಖರ್ಚಿನಲ್ಲಿ ಬೆಳೆಸಲು 4.5 ಎಂಎಂ ಏರ್ ಪಿಸ್ತೂಲು ಒಳ್ಳೆಯ ಸಾಧನ. ಗುರಿಮೊನೆ ನೋಡುವುದು, ಉಸಿರು ಹಿಡಿಯುವುದು, ಟ್ರಿಗರನ್ನು ಎಳೆಯದೆ ಒತ್ತುವುದು, ಇವೆಲ್ಲ ಅದರಲ್ಲೇ ಕಲಿಯಬಹುದು.

ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಏನು ಮಾಡಲಿ?

ಚರ್ಮದ ಹೋಲ್‌ಸ್ಟರಿನಲ್ಲಿ ಇಟ್ಟು ಬೀರುವಿಗೆ ಹಾಕುವುದೇ ಮುಖ್ಯ ಕಾರಣ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ. ಹೋಲ್‌ಸ್ಟರ್ ಓಡಾಟಕ್ಕೆ ಮಾತ್ರ. ಮನೆಯಲ್ಲಿ ಬಂದೂಕಿನ ಎಣ್ಣೆ ತೆಳುವಾಗಿ ಸವರಿ, ಒಣ ಬಟ್ಟೆ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದ ಪೆಟ್ಟಿಗೆಯಲ್ಲಿ ಇಡಿ. ಕೊಬ್ಬರಿ ಎಣ್ಣೆ ಕೆಲ ದಿನಗಳಲ್ಲಿ ಅಂಟಾಗುತ್ತದೆ, ಬಳಸಬೇಡಿ.

ಆಯುಧ ಪೂಜೆಯ ದಿನ ಅರಿಸಿನ, ಕುಂಕುಮ ಹಚ್ಚುವುದು ನಮ್ಮ ಪದ್ಧತಿ, ನಾನೂ ಹಚ್ಚುತ್ತೇನೆ. ಪೂಜೆಗೆ ಮೊದಲು ಪಿಸ್ತೂಲು ಖಾಲಿ ಮಾಡಿ ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಕುಂಕುಮದ ನೀರು ಸ್ಲೈಡಿನ ಸಂದಿಗೆ ಇಳಿಯದಂತೆ ನೋಡಿಕೊಂಡು ಅದೇ ಸಂಜೆ ಒರೆಸಿ ಎಣ್ಣೆ ಹಚ್ಚಿ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರಯಾಣದಲ್ಲಿ ಒಯ್ಯಬಹುದೇ?

ಪರವಾನಗಿಯಲ್ಲಿ ಬರೆದ ವ್ಯಾಪ್ತಿಯೊಳಗೆ ಮಾತ್ರ. ಜಿಲ್ಲೆ ಎಂದಿದ್ದರೆ ಹರಿಹರದ ತುಂಗಭದ್ರಾ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋಗುವುದೂ ಉಲ್ಲಂಘನೆ. ರಾಜ್ಯ ಎಂದಿದ್ದರೂ ಚಿತ್ರದುರ್ಗದ ಕಡೆಯವರು ಎಚ್ಚರವಾಗಿರಬೇಕು. ಚಳ್ಳಕೆರೆಯಿಂದ ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿ ನಡುವೆ ಆಂಧ್ರದ ಡಿ. ಹಿರೇಹಾಳ್ ಭಾಗವನ್ನು ಹಾದು ಹೋಗುತ್ತದೆ. ಹೊರಟದ್ದು ಕರ್ನಾಟಕದಿಂದ, ಸೇರುವುದು ಕರ್ನಾಟಕಕ್ಕೆ, ಆದರೂ ದಾರಿಯಲ್ಲಿ ನೀವು ಬೇರೆ ರಾಜ್ಯದಲ್ಲಿರುತ್ತೀರಿ. ಮೊಳಕಾಲ್ಮೂರಿನವರಿಗೆ ರಾಯದುರ್ಗವಂತೂ ಮಗ್ಗುಲಲ್ಲೇ ಇದೆ.

ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ ಕಾಲೇಜು ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಎಂಬುದು ಪರವಾನಗಿಯ ಷರತ್ತು. ದುಗ್ಗಮ್ಮನ ಜಾತ್ರೆಗೂ ನಾಯಕನಹಟ್ಟಿ ತೇರಿಗೂ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿ ಹೋಗಿ.

ಚುನಾವಣೆ ಬಂದಾಗ ಠಾಣೆಗೆ ಕೊಡಬೇಕೇ?

ಆದೇಶ ಬಂದರೆ ಕೊಡಬೇಕು. ಕೊಡುವ ಮೊದಲು ಶುಚಿಮಾಡಿ, ಎಣ್ಣೆ ಸವರಿ, ಸಂಖ್ಯೆ ಬರೆದ ರಸೀದಿ ಪಡೆಯಿರಿ. ವಾಪಸ್ ತಂದ ದಿನವೇ ಬಿಚ್ಚಿ ನೋಡಿ.

ಮನೆಯಲ್ಲಿ ಒಬ್ಬರು ಮನಸ್ಸಿಗೆ ತುಂಬ ನೊಂದಿದ್ದಾರೆ. ಪಿಸ್ತೂಲು ಬೀಗದಲ್ಲೇ ಇದೆ, ಸಾಕೇ?

ಸಾಲದು. ಬೀಗದ ಕೈ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಸಾಲ, ಬೆಳೆ ನಷ್ಟ, ಮನೆಯ ಜಗಳ, ಯಾವ ಕಾರಣಕ್ಕೇ ಆಗಲಿ, ನೊಂದವರು ನೀವೇ ಆಗಿದ್ದರೂ ಸರಿ, ಇಂದೇ ಪಿಸ್ತೂಲನ್ನೂ ಗುಂಡನ್ನೂ ಪರವಾನಗಿ ಇರುವ ಆಯುಧ ವ್ಯಾಪಾರಿಯ ಬಳಿ ಅಥವಾ ಠಾಣೆಯಲ್ಲಿ ಠೇವಣಿ ಇಡಿ. ಇದರಿಂದ ಮರ್ಯಾದೆ ಹೋಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನವೀಕರಣ ಮತ್ತು ವಾರಸುದಾರರ ವಿಷಯ?

2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷವಾಗಿದೆ. ಅವಧಿ ದೀರ್ಘವಾದಷ್ಟೂ ಮರೆವು ಹೆಚ್ಚು, ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಅವಧಿ ಮುಗಿದ ಮೇಲೆ ಆಯುಧ ಮನೆಯಲ್ಲಿದ್ದರೆ ಅದು ಪರವಾನಗಿ ಇಲ್ಲದ ಆಯುಧವೇ.

ಪರವಾನಗಿದಾರರು ತೀರಿಕೊಂಡರೆ, ಅಥವಾ ಅವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಆಯುಧ ಹೊಂದಿ 25 ವರ್ಷ ಕಳೆದಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ತಂದೆಯವರು ತೀರಿಕೊಂಡಾಗ ಮನೆಯವರು ಪಿಸ್ತೂಲನ್ನು ಅಟ್ಟದ ಮೇಲಿಟ್ಟು ವರ್ಷಗಟ್ಟಲೆ ಮರೆಯುವುದುಂಟು. ಕಾರ್ಯಗಳು ಮುಗಿಯುವವರೆಗೂ ಕಾಯಬೇಡಿ, ಅದನ್ನು ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಹೆಸರು ಬದಲಾವಣೆಯ ಅರ್ಜಿಗೆ ಆ ರಸೀದಿ, ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಜೋಡಿಸಿಟ್ಟುಕೊಳ್ಳಿ.